ಮಹಾಯೋಗರಾಜ ಗುಗ್ಗುಲು: ಮಾತ್ರೆಯಾಗುವ ಮುಂಚೆ ಏನೇನಾಗುತ್ತದೆ

ಮಂಡಿನೋವು, ಸೊಂಟದಿಂದ ಕಾಲಿಗಿಳಿಯುವ ನರದ ಸೆಳೆತ, ಬೆರಳ ಗಂಟುಗಳ ಬಿಗಿತ ಅಂತ ಆಯುರ್ವೇದ ಔಷಧಿ ಅಂಗಡಿಗೆ ಹೋದವರ ಮುಂದೆ ಸಾಮಾನ್ಯವಾಗಿ ಎರಡು ಡಬ್ಬಿಗಳು ಬರುತ್ತವೆ. ಒಂದು ಯೋಗರಾಜ ಗುಗ್ಗುಲು, ಇನ್ನೊಂದು ಮಹಾಯೋಗರಾಜ ಗುಗ್ಗುಲು. ಎರಡನೆಯದರ ಬೆಲೆ ಜಾಸ್ತಿ. ನೋವು ಜೋರಾಗಿರುವವರು 'ಮಹಾ'ನೇ ಕೊಡಿ ಅನ್ನುತ್ತಾರೆ, ಅಂಗಡಿಯವರೂ ಕೊಟ್ಟುಬಿಡುತ್ತಾರೆ. ಅದು ಮೊದಲನೆಯದೇ ಔಷಧದ ಖಾರ ಜಾಸ್ತಿಯಾದ ರೂಪ ಅಂತ ಇಬ್ಬರೂ ನಂಬಿರುತ್ತಾರೆ.

ಹಾಗಲ್ಲ. ಇವು ಎರಡು ಬೇರೆ ಔಷಧಗಳು. ಮೊದಲನೆಯದು ಪೂರ್ತಿ ಗಿಡಮೂಲಿಕೆ, ಅದಕ್ಕೊಂದಿಷ್ಟು ಸೈಂಧವ ಲವಣ ಮತ್ತು ಯವಕ್ಷಾರ. ಭೈಷಜ್ಯ ರತ್ನಾವಳಿ ಎಂಬ ಆಯುರ್ವೇದ ಗ್ರಂಥದ ಆಮವಾತ (ಬಿಗಿತ-ಊತದ ಕೀಲುರೋಗ) ಪ್ರಕರಣದ ಪಾಠ, ಅಂದರೆ ತಯಾರಿಕೆಯ ಸೂತ್ರ, ಅದು. ಎರಡನೆಯದರಲ್ಲಿ ಏಳು ಲೋಹ-ಖನಿಜಗಳಿವೆ, ಅವುಗಳಲ್ಲೊಂದು ಸೀಸ, ಇನ್ನೊಂದು ಪಾದರಸದ ಸಂಯುಕ್ತ. ಗೊಂದಲ ಹೆಚ್ಚಿಸಲು ಇನ್ನೊಂದು ಸಂಗತಿಯಿದೆ. ಇವತ್ತು ಪೇಟೆಯಲ್ಲಿ 'ಮಹಾ' ಅಂತ ಮಾರುವ ಈ ಪಾಠ ಶಾರ್ಙ್ಗಧರ ಸಂಹಿತೆಯ ಮಧ್ಯಮ ಖಂಡದ ಏಳನೆಯ ಅಧ್ಯಾಯದಲ್ಲಿ ಬರೀ 'ಯೋಗರಾಜ' ಎಂಬ ಹೆಸರಿನಲ್ಲಿದೆ. ಹೀಗಾಗಿ ಹಳೆಯ ವೈದ್ಯರೊಬ್ಬರ ಚೀಟಿಯಲ್ಲಿ ಯೋಗರಾಜ ಎಂದಿದ್ದರೆ ಯಾವುದು ಅಂತ ಅವರನ್ನೇ ಕೇಳಬೇಕು. ಡಬ್ಬಿ ಕೈಗೆ ಬಂದ ಮೇಲೆ ಹೆಸರು ನೋಡುವುದಕ್ಕಿಂತ ಒಳಗಿನ ದ್ರವ್ಯಗಳ ಪಟ್ಟಿ ನೋಡುವುದೇ ಸರಿ.

ಶಾರ್ಙ್ಗಧರರ ಲೆಕ್ಕ ಬಹಳ ಅಚ್ಚುಕಟ್ಟು. ಶುಂಠಿ, ಹಿಪ್ಪಲಿ, ಚವ್ಯ, ಹಿಪ್ಪಲಿ ಬೇರು (ಅಂಗಡಿಯವರು ಮೋಡಿ ಅನ್ನುತ್ತಾರೆ), ಚಿತ್ರಮೂಲ, ಹುರಿದ ಇಂಗು, ಅಜಮೋದ, ಸಾಸಿವೆ, ಜೀರಿಗೆ, ಕರಿಜೀರಿಗೆ, ರೇಣುಕಬೀಜ, ಕೊಡಸಿಗೆ ಬೀಜ, ಹಾಡೆಬಳ್ಳಿ ಬೇರು, ವಾಯುವಿಳಂಗ, ಗಜಹಿಪ್ಪಲಿ, ಕಟುಕರೋಹಿಣಿ, ಅತಿವಿಷ, ಭಾರಂಗಿ, ಬಜೆ, ಮೂರ್ವಾ ಹೀಗೆ ಇಪ್ಪತ್ತು ದ್ರವ್ಯಗಳು, ಒಂದೊಂದೂ ಒಂದು ಶಾಣ, ಅಂದರೆ ಈಗಿನ ತೂಕದಲ್ಲಿ 3 ಗ್ರಾಂ. ಒಟ್ಟು 60 ಗ್ರಾಂ ಆಯಿತು. ಇದರ ಎರಡರಷ್ಟು ತ್ರಿಫಲೆ, 120 ಗ್ರಾಂ. ಇವೆಲ್ಲ ಸೇರಿದಷ್ಟು ಶುದ್ಧ ಗುಗ್ಗುಲು, 180 ಗ್ರಾಂ. ಆಮೇಲೆ ತವರ, ಬೆಳ್ಳಿ, ಸೀಸ, ಕಬ್ಬಿಣ, ಕಾಗೆಬಂಗಾರ (ಅಭ್ರಕ), ಕಬ್ಬಿಣದ ಕಿಟ್ಟ (ಮಂಡೂರ) ಈ ಆರರ ಭಸ್ಮ (ಸುಟ್ಟು ಮಾಡಿದ ನುಣ್ಣನೆ ಬೂದಿ) ಮತ್ತು ಪಾದರಸದ ಸಂಯುಕ್ತವಾದ ರಸಸಿಂದೂರ, ತಲಾ ಒಂದು ಪಲ, 48 ಗ್ರಾಂ. ಏಳೂ ಸೇರಿ 336 ಗ್ರಾಂ. ಒಟ್ಟು 696 ಗ್ರಾಂ ಔಷಧದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಭಸ್ಮವೇ. 'ಗುಗ್ಗುಲು' ಎಂಬ ಹೆಸರಿದ್ದರೂ ಗುಗ್ಗುಲು ಇದರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಗುಗ್ಗುಲಿನ ವಿಷಯ. ಗುಗ್ಗುಲು ಗಿಡ ಮುಳ್ಳಿನ ಕುರುಚಲು ಜಾತಿ. ರಾಜಸ್ಥಾನ, ಕಛ್‌ನ ಒಣಭೂಮಿ ಅದರ ಮನೆ. ಚಳಿಗಾಲದಿಂದ ಬೇಸಿಗೆಯವರೆಗೆ ಕಾಂಡಕ್ಕೆ ಕಚ್ಚು ಹಾಕಿ, ಸೋರಿ ಗಟ್ಟಿಯಾದ ಅಂಟನ್ನು ಕೀಳುತ್ತಾರೆ. ಒಂದು ಗಿಡದಿಂದ ಒಂದು ಹಂಗಾಮಿಗೆ ಸಿಗುವುದು ಕೆಲವು ನೂರು ಗ್ರಾಂ. ಹೆಚ್ಚು ಸೋರಲಿ ಅಂತ ಕಚ್ಚಿಗೆ ಎಥೆಫಾನ್‌ನಂಥ ರಾಸಾಯನಿಕ ಹಚ್ಚುವ ರೂಢಿ ಬಂದ ಮೇಲೆ ಗಿಡಗಳು ಒಂದೆರಡು ವರ್ಷದಲ್ಲೇ ಒಣಗಿಹೋಗತೊಡಗಿದವು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈಗ ಅದು ಅಳಿವಿನ ತೀರ ಅಂಚಿನಲ್ಲಿರುವ ಸಸ್ಯ. ಸರಕು ಕಡಿಮೆಯಾದಾಗ ಕಲಬೆರಕೆ ಹೆಚ್ಚುತ್ತದೆ. ಮಡ್ಡಿಮರದ ಅಂಟು, ಜಾಲಿ ಗೋಂದು, ಮರಳು, ತೊಗಟೆ ಎಲ್ಲವೂ ಗುಗ್ಗುಲಿನ ಚೀಲದೊಳಗೆ ಸೇರುತ್ತವೆ.

ಉತ್ತರ ಕರ್ನಾಟಕದಲ್ಲಿ ವೀರಭದ್ರನ ಗುಗ್ಗುಳ ಹೊರಡಿಸುವವರಿಗೆ ಈ ಅಂಟಿನ ವಾಸನೆ ಹೊಸದಲ್ಲ. ಆದರೆ ಧೂಪಕ್ಕೆ ಅಂತ ಮಾರುವ ಸರಕು ಬೇರೆ, ಔಷಧಕ್ಕೆ ಆಯುವ ಸರಕು ಬೇರೆ. ಔಷಧಕ್ಕೆ ಬೇಕಾದದ್ದು ಹೊಂಬಣ್ಣಕ್ಕೆ ತಿರುಗಿದ, ಒಡೆದರೆ ಒಳಗೆ ಮಿರುಗುವ, ಕಡ್ಡಿ-ಕಸ ಕಡಿಮೆಯಿರುವ ಗುಗ್ಗುಲು. ಅದರ ಪರೀಕ್ಷೆ ಹಳೆಯ ಗ್ರಂಥಗಳಲ್ಲೇ ಇದೆ, ಇವತ್ತಿಗೂ ನಡೆಯುತ್ತದೆ: ಬೆಂಕಿಗಿಟ್ಟರೆ ಉರಿಯಬೇಕು, ಬಿಸಿಲಿಗಿಟ್ಟರೆ ಮೆತ್ತಗಾಗಬೇಕು, ಬಿಸಿನೀರಿನಲ್ಲಿ ತೇಯ್ದರೆ ಹಾಲಿನ ಹಾಗೆ ಬೆಳ್ಳಗಾಗಬೇಕು. ಜಾಲಿ ಗೋಂದು ಬೆರೆತಿದ್ದರೆ ಆ ಹಾಲುಬಣ್ಣ ಬರುವುದಿಲ್ಲ, ನೀರು ತಿಳಿಯಾಗಿ ಲೋಳೆಯಾಗುತ್ತದೆ. ಹೊಸ ಗುಗ್ಗುಲು ಮೈ ತುಂಬಿಸುತ್ತದೆ, ಹಳೆಯದು ಕೊಬ್ಬು ಕರಗಿಸುತ್ತದೆ ಎಂಬ ಮಾತೂ ಇದೆ. ಬೊಜ್ಜಿನ ಯೋಗಕ್ಕೂ (ಔಷಧ ಮಿಶ್ರಣಕ್ಕೂ) ವಾತದ ಯೋಗಕ್ಕೂ ಒಂದೇ ಚೀಲದಿಂದ ತೆಗೆಯುವ ಕಾರ್ಖಾನೆಗಳಲ್ಲಿ ಈ ಭೇದ ಯಾರೂ ಮಾಡುವುದಿಲ್ಲ ಅನ್ನುವುದು ಬೇರೆ ಮಾತು.

ಹಸಿ ಗುಗ್ಗುಲನ್ನು ಹಾಗೇ ಔಷಧಕ್ಕೆ ಹಾಕುವಂತಿಲ್ಲ. ಹಾಕಿದರೆ ಹೊಟ್ಟೆ ಕೆಡುತ್ತದೆ, ಭೇದಿಯಾಗುತ್ತದೆ, ಕೆಲವರಿಗೆ ಮೈಮೇಲೆ ದದ್ದು ಏಳುತ್ತದೆ. ಅದಕ್ಕೇ ಶೋಧನೆ. ಗುಗ್ಗುಲನ್ನು ಕಡಲೆಕಾಳಿನಷ್ಟು ಚೂರು ಮಾಡಿ, ಕಣ್ಣಿಗೆ ಕಾಣುವ ಕಲ್ಲು-ತೊಗಟೆ ಆರಿಸಿ, ಎರಡು ಪದರದ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟುತ್ತಾರೆ. ಪಾತ್ರೆಯ ಬಾಯಿಗೆ ಅಡ್ಡವಾಗಿ ಕೋಲಿಟ್ಟು, ಗಂಟು ತಳ ಮುಟ್ಟದ ಹಾಗೆ ತ್ರಿಫಲಾ ಕಷಾಯದಲ್ಲಿ ಇಳಿಬಿಡುತ್ತಾರೆ. ಇದೇ ದೋಲಾಯಂತ್ರ. ತ್ರಿಫಲೆಯ ಬದಲು ಗೋಮೂತ್ರ ಅಥವಾ ಹಾಲು ಬಳಸುವವರೂ ಇದ್ದಾರೆ, ವಾತರಕ್ತದ (ಗೌಟ್‌ನಂಥ ಕೀಲುರೋಗದ) ಯೋಗಗಳಿಗೆ ಅಮೃತಬಳ್ಳಿ ಕಷಾಯವೂ ಉಂಟು. ಸಣ್ಣ ಉರಿಯಲ್ಲಿ ಕುದಿಯುತ್ತ ಹೋದಂತೆ ಗುಗ್ಗುಲು ಕರಗಿ ಬಟ್ಟೆಯಿಂದ ಹೊರಗಿಳಿಯುತ್ತದೆ. ನಡುನಡುವೆ ಸೌಟಿನಿಂದ ಗಂಟನ್ನು ಒತ್ತುತ್ತಿರಬೇಕು. ಕೊನೆಗೆ ಬಟ್ಟೆಯೊಳಗೆ ಉಳಿಯುವುದು ಮರಳು, ತೊಗಟೆ, ಕರಗದ ಕಸ. ಸರಕು ಕೀಳಾಗಿದ್ದರೆ ಅದೇ ಅರ್ಧ ತೂಕ ತೂಗುತ್ತದೆ.

ಹೊರಗಿಳಿದ ದ್ರವವನ್ನು ಸೋಸಿ, ಗಟ್ಟಿಯಾಗುವವರೆಗೆ ಕಾಸಬೇಕು. ಇಲ್ಲೇ ಮೊದಲ ಅನಾಹುತ ಆಗುವುದು. ದ್ರವ ಮಂದವಾಗುತ್ತಿದ್ದ ಹಾಗೆ ತಳ ಹಿಡಿಯುತ್ತದೆ. ಉರಿ ತಗ್ಗಿಸದಿದ್ದರೆ, ಕೈ ಬಿಡದೆ ಕಲಕದಿದ್ದರೆ ಸೀದ ವಾಸನೆ ಬರುತ್ತದೆ. ಸೀದ ಗುಗ್ಗುಲನ್ನು ಸರಿಮಾಡುವ ದಾರಿಯೇ ಇಲ್ಲ, ಚೆಲ್ಲಬೇಕು. ಸೌಟಿಗೆ ಅಂಟಿ ಎಳೆ ಬರುವ ಹದಕ್ಕೆ ಇಳಿಸಿ, ತುಪ್ಪ ಸವರಿದ ತಟ್ಟೆಗೆ ತೆಳ್ಳಗೆ ಹರವಿ ಒಣಗಿಸುತ್ತಾರೆ. ದಪ್ಪಗೆ ಹರವಿದರೆ ಮೇಲೆ ಒಣಗಿ ಒಳಗೆ ಹಸಿಯಾಗೇ ಉಳಿಯುತ್ತದೆ. ಆ ಹಸಿಯೇ ಮುಂದೆ ಮಾತ್ರೆಯೊಳಗೆ ಬೂಷ್ಟು ಹಿಡಿಸುತ್ತದೆ.

ಇನ್ನು ಕುಟ್ಟುವುದು. ಗುಗ್ಗುಲು ಯೋಗಗಳ ಗುಣಮಟ್ಟ ನಿರ್ಧಾರವಾಗುವುದು ಇಲ್ಲಿ. ಕಬ್ಬಿಣದ ಒರಳನ್ನು ತುಸು ಬೆಚ್ಚಗೆ ಮಾಡಿ, ಒರಳಿಗೂ ಹಾರೆಯ ತುದಿಗೂ ತುಪ್ಪ ಸವರಿ, ಶುದ್ಧ ಗುಗ್ಗುಲನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕುಟ್ಟುತ್ತಾರೆ. ಮೊದಮೊದಲು ಅದು ಸಿಡಿಯುತ್ತದೆ, ಪುಡಿಯಾಗುತ್ತದೆ. ಕುಟ್ಟಿನ ಬಿಸಿಗೆ ಮೆಲ್ಲಗೆ ಒಂದಕ್ಕೊಂದು ಅಂಟಿಕೊಂಡು, ಹಾರೆ ಎತ್ತಿದರೆ ಜೊತೆಗೇ ಮೇಲೆದ್ದು ಬರತೊಡಗುತ್ತದೆ. ಆಗ ಎರಡು ಹನಿ ತುಪ್ಪ. ಮತ್ತೆ ಕುಟ್ಟು. ಬಣ್ಣ ಕಪ್ಪು-ಕಂದಿನಿಂದ ತುಸು ತಿಳಿಯಾಗಿ, ಮುಟ್ಟಿದರೆ ಮೇಣದಂತೆ ಬಗ್ಗುವ, ಬೆರಳಿಗೆ ಅಂಟದ ಹದ ಬಂದಾಗ ನುಣ್ಣಗೆ ಜರಡಿ ಹಿಡಿದ ಮೂಲಿಕೆ ಪುಡಿಗಳನ್ನು ಒಂದೊಂದು ಹಿಡಿಯಾಗಿ ಸೇರಿಸುತ್ತಾರೆ, ಕೊನೆಗೆ ಭಸ್ಮ ಮತ್ತು ರಸಸಿಂದೂರ. ರಸಸಿಂದೂರವನ್ನು ಮೊದಲೇ ಕಲ್ಲಿನ ಖಲ್ವದಲ್ಲಿ ಹೊಳಪು ಹೋಗುವವರೆಗೆ ಅರೆದಿರಬೇಕು. ಇಲ್ಲದಿದ್ದರೆ ಒಂದು ಮಾತ್ರೆಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಪಾದರಸದ ಔಷಧದಲ್ಲಿ ಹಾಗಾಗುವುದು ಸಣ್ಣ ದೋಷವಲ್ಲ.

ಗುಗ್ಗುಲಿಗೆ ಲಕ್ಷ ಪೆಟ್ಟು ಬೀಳಬೇಕು ಅನ್ನುವ ಮಾತು ವೈದ್ಯಮನೆತನಗಳಲ್ಲಿದೆ. ಲಕ್ಷವನ್ನು ಯಾರೂ ಎಣಿಸುವುದಿಲ್ಲ, ಆದರೆ ಮಾತಿನಲ್ಲಿ ಹುರುಳಿದೆ. ಸರಿಯಾಗಿ ಕುಟ್ಟದ ಗುಗ್ಗುಲಿನ ಮಾತ್ರೆ ಒಣಗಿದ ಮೇಲೆ ಕಲ್ಲಾಗುತ್ತದೆ, ಹೊಟ್ಟೆಯಲ್ಲಿ ಬೇಗ ಒಡೆಯುವುದಿಲ್ಲ. ಒಂದು ಮಾತ್ರೆಯನ್ನು ಬಿಸಿನೀರಿನ ಲೋಟಕ್ಕೆ ಹಾಕಿ ಆಗಾಗ ಅಲ್ಲಾಡಿಸುತ್ತ ಒಂದು ತಾಸು ನೋಡಿ. ಪದರಪದರವಾಗಿ ಬಿಚ್ಚಿಕೊಂಡು ನೀರು ಕದಡಿದರೆ ಸರಿ. ತಾಸು ಕಳೆದರೂ ಹಾಕಿದ ಹಾಗೇ ಕೂತಿದ್ದರೆ ಅದು ಹೊಟ್ಟೆಯಲ್ಲೂ ಹಾಗೇ ಕೂರುತ್ತದೆ. ತುಪ್ಪ ಕಡಿಮೆಯಾದರೆ ಮಾತ್ರೆ ಬಿರುಕು ಬಿಡುತ್ತದೆ. ಜಾಸ್ತಿಯಾದರೆ ಉಂಡೆ ಹಿಡಿತಕ್ಕೆ ಬರದೆ ಜಾರುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಜಿಡ್ಡುವಾಸನೆ ಬರುತ್ತದೆ. ಕಟ್ಟಿದ ಮಾತ್ರೆಯನ್ನು ನೆರಳಲ್ಲೇ ಒಣಗಿಸಬೇಕು. ಬಿಸಿಲಿಗಿಟ್ಟರೆ ಮೊದಲು ಕರಗಿ ಒಂದಕ್ಕೊಂದು ಅಂಟುತ್ತವೆ, ಆಮೇಲೆ ಗಟ್ಟಿಯಾಗುತ್ತವೆ. ಯಂತ್ರದಲ್ಲಿ ಮಾತ್ರೆ ಒತ್ತುವವರು ಅಂಟಿನ ಕಾಟ ತಪ್ಪಿಸಲು ಗುಗ್ಗುಲನ್ನು ಒಣಪುಡಿ ಮಾಡಿಯೇ ಬೆರೆಸುತ್ತಾರೆ. ನೋಡಲು ಅಂದವಾದ ಮಾತ್ರೆ ಬರುತ್ತದೆ, ಕುಟ್ಟಿದ್ದರ ಹದ ಬರುವುದಿಲ್ಲ.

ಭಸ್ಮಗಳಲ್ಲಿ ಕಬ್ಬಿಣ, ಮಂಡೂರ, ಅಭ್ರಕದ ವಿಷಯ ಹೆಚ್ಚು ಬೆಳೆಸುವುದಿಲ್ಲ. ಸರಿಯಾಗಿ ಮಾಡಿದ್ದರೆ ಅವು ಈ ಔಷಧದಲ್ಲಿ ತಲೆನೋವಿನ ಭಾಗಗಳಲ್ಲ. ಅಭ್ರಕದಲ್ಲಿ ಮಾತ್ರ ಬಿಸಿಲಿಗೆ ಹಿಡಿದಾಗ ಹೊಳಪಿನ ಒಂದು ಕಣವೂ ಕಾಣಬಾರದು. ಕಂಡರೆ ಇನ್ನಷ್ಟು ಪುಟ (ಮುಚ್ಚಿದ ಮಣ್ಣಿನ ಪಾತ್ರೆಯಲ್ಲಿಟ್ಟು ಸುಡುವುದು) ಬೇಕು.

ರಸಸಿಂದೂರ ತಯಾರಿಸುವುದು ಮನೆಯ ಕೆಲಸವಲ್ಲ. ಪಾದರಸ, ಗಂಧಕ ಸೇರಿಸಿ ಕಾಡಿಗೆಯಂಥ ಕಜ್ಜಳಿ ಅರೆದು, ಆಲದ ಚಿಗುರಿನ ರಸದ ಭಾವನೆ ಕೊಟ್ಟು (ರಸ ಹಾಕಿ ಅರೆದು) ಒಣಗಿಸಿ, ಏಳು ಸುತ್ತು ಮಣ್ಣುಬಟ್ಟೆ ಮೆತ್ತಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಾತ್ರ ತುಂಬಿ, ಮರಳ ಮಧ್ಯೆ ಇಟ್ಟು ಮೃದು, ಮಧ್ಯಮ, ತೀವ್ರ ಹೀಗೆ ಉರಿ ಏರಿಸುತ್ತ ಹೋಗುತ್ತಾರೆ. ಗಂಧಕದ ಹೊಗೆ ಏಳುವಾಗ ಅದು ಬಾಟಲಿಯ ಕೊರಳಲ್ಲಿ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಕಾಸಿ ಕೆಂಪಾದ ಸಲಾಕೆಯಿಂದ ಆಗಾಗ ಕೊರಳು ಬಿಡಿಸದಿದ್ದರೆ ಬಾಟಲಿ ಸಿಡಿಯುತ್ತದೆ. ಹೊಗೆ ನಿಂತು, ತಳ ಉದಯದ ಸೂರ್ಯನಂತೆ ಕೆಂಪಾಗಿ, ಬಾಯಿಗೆ ಹಿಡಿದ ತಾಮ್ರದ ಕಾಸು ಬೆಳ್ಳಗಾದರೆ ಬಿರಡೆ ಹಾಕುವ ಹೊತ್ತು. ತಡಮಾಡಿದರೆ ಪಾದರಸ ಗಾಳಿಗೆ ಹೋಗುತ್ತದೆ, ಕೆಲಸ ಮಾಡುವವರ ಶ್ವಾಸಕೋಶಕ್ಕೂ ಹೋಗುತ್ತದೆ. ತಣ್ಣಗಾದ ಮೇಲೆ ಬಾಟಲಿ ಒಡೆದು ಕೊರಳಲ್ಲಿ ಕೂತ ಕೆಂಪು ಹರಳನ್ನು ಬಿಡಿಸಿಕೊಳ್ಳುತ್ತಾರೆ. ಅದು ಪಾದರಸದ ಸಲ್ಫೈಡು. ನೀರಿಗೂ ಜಠರದ ಆಮ್ಲಕ್ಕೂ ಬಹಳ ಕಡಿಮೆ ಕರಗುವ ವಸ್ತು. ಅದರ ಅಪಾಯ ಹೆಚ್ಚಾಗಿ ಸರಿಯಾಗಿ ತಯಾರಾಗದೆ ಬಿಡಿ ಪಾದರಸ ಉಳಿದಿರುವಾಗ.

ಸೀಸದ ಕತೆ ಹಾಗಲ್ಲ.

ನಾಗಭಸ್ಮಕ್ಕೆ ಸೀಸವನ್ನು ಕರಗಿಸಿ ಎಳ್ಳೆಣ್ಣೆ, ಮಜ್ಜಿಗೆ, ಗೋಮೂತ್ರ, ಕಾಂಜಿ, ಹುರುಳಿ ಕಷಾಯದಲ್ಲಿ ತಲಾ ಏಳು ಸಲ ಸುರಿಯುತ್ತಾರೆ. ಆಮೇಲೆ ಸುಣ್ಣದ ತಿಳಿಯಲ್ಲಿ ಮತ್ತೆ ಏಳು ಸಲ. ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ. ಆ ಬಿಸಿಯಲ್ಲಿ ದ್ರವಕ್ಕೆ ಬಿದ್ದಾಗ ಸಿಡಿಗುಂಡಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ, ಅದಕ್ಕೇ ತೂತಿರುವ ಮುಚ್ಚಳದ ಪಾತ್ರೆ ಬಳಸುವುದು. ನಂತರ ಬಾಣಲೆಯಲ್ಲಿ ಉತ್ತರಾಣಿ ಅಥವಾ ಅರಳಿ ತೊಗಟೆಯ ಪುಡಿ ಹಾಕಿ ತಿಕ್ಕುತ್ತ ಪುಡಿಮಾಡಿ, ಮನಶ್ಶಿಲೆ ಸೇರಿಸಿ ಅರೆದು ಪುಟ ಕೊಡುತ್ತಾರೆ. ಅರವತ್ತು ಪುಟದ ನಾಗಭಸ್ಮವನ್ನು ಶ್ರೇಷ್ಠ ಎನ್ನುತ್ತಾರೆ. ಮನಶ್ಶಿಲೆಯೇ ಶಂಖಪಾಷಾಣದ ಬಂಧು, ಅಂದರೆ ಆರ್ಸೆನಿಕ್ಕಿನ ಖನಿಜ ಎಂಬುದನ್ನೂ ಮರೆಯಬಾರದು.

ಭಸ್ಮ ಆಯಿತೋ ಇಲ್ಲವೋ ನೋಡಲು ಪರೀಕ್ಷೆಗಳಿವೆ. ಬೆರಳ ಗೆರೆಯೊಳಗೆ ಕೂರಬೇಕು, ನೀರ ಮೇಲೆ ತೇಲಬೇಕು. ಬೆಲ್ಲ, ಗುಲಗಂಜಿ, ಜೇನು, ತುಪ್ಪ, ಬಿಳಿಗಾರದ ಜೊತೆ ಕಾಸಿದರೆ ಲೋಹ ಮರಳಿ ಬರಬಾರದು. ಬೆಳ್ಳಿಯೊಂದಿಗೆ ಕಾಸಿದರೆ ಬೆಳ್ಳಿಯ ತೂಕ ಏರಬಾರದು. ಕುಲುಮೆಯ ಕಾಲಕ್ಕೆ ಇವು ಅದ್ಭುತ ಪರೀಕ್ಷೆಗಳು. ಆದರೆ ಅವು ಉತ್ತರಿಸುವ ಪ್ರಶ್ನೆ ಒಂದೇ: ಲೋಹ ಲೋಹದ ರೂಪದಲ್ಲಿ ಉಳಿದಿದೆಯೇ? ಸೀಸದ ಆಕ್ಸೈಡು, ಸಲ್ಫೈಡುಗಳು ಜಠರದ ಆಮ್ಲದಲ್ಲಿ ಎಷ್ಟು ಕರಗಿ ರಕ್ತ ಸೇರುತ್ತವೆ ಎಂಬುದನ್ನು ಬೆರಳ ಗೆರೆ ಹೇಳಲಾರದು. 'ಶುದ್ಧಿ ಮಾಡಿದ ಮೇಲೆ ಅದು ಸೀಸವೇ ಅಲ್ಲ' ಎಂಬ ಸಮಾಧಾನ ರಸಶಾಸ್ತ್ರದ, ಅಂದರೆ ಲೋಹ-ಪಾದರಸಗಳ ಔಷಧಶಾಸ್ತ್ರದ, ಮೇಲಿನ ಅಭಿಮಾನದಿಂದ ಬಂದದ್ದು. ಪ್ರಯೋಗಾಲಯದಲ್ಲಿ ಅದು ನಿಲ್ಲುವುದಿಲ್ಲ.

ಈಗ ಮೊದಲಿನ ಲೆಕ್ಕಕ್ಕೆ ಬನ್ನಿ. 696 ಗ್ರಾಂನಲ್ಲಿ 48 ಗ್ರಾಂ ನಾಗಭಸ್ಮ ಎಂದರೆ ಸುಮಾರು ನೂರಕ್ಕೆ ಏಳು. 250 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ 17 ಮಿಲಿಗ್ರಾಂ ನಾಗಭಸ್ಮ, ಅದರೊಳಗೆ ಹೆಚ್ಚುಕಡಿಮೆ 15 ಮಿಲಿಗ್ರಾಂ ಸೀಸ. ಬೆಳಿಗ್ಗೆ ಎರಡು, ರಾತ್ರಿ ಎರಡು ನುಂಗಿದರೆ ದಿನಕ್ಕೆ 60 ಮಿಲಿಗ್ರಾಂ. ಅದರ ನೂರನೇ ಒಂದು ಭಾಗ ರಕ್ತಕ್ಕೆ ಸೇರಿದರೂ 600 ಮೈಕ್ರೋಗ್ರಾಂ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ: ಬರೀ ಮೂಲಿಕೆಯ ಔಷಧಗಳಿಗೆ ನಮ್ಮ ದೇಶದ ಮಿತಿ ಸೀಸಕ್ಕೆ ದಶಲಕ್ಷಕ್ಕೆ 10 ಭಾಗ. ಅದೇ 250 ಮಿಲಿಗ್ರಾಂ ಮಾತ್ರೆಗೆ ಅದು ಎರಡೂವರೆ ಮೈಕ್ರೋಗ್ರಾಂ ಆಗುತ್ತದೆ. ಭಸ್ಮ ಸೇರಿದ ಔಷಧಗಳಿಗೆ ಆ ಮಿತಿ ಅನ್ವಯಿಸುವುದಿಲ್ಲ, ಏಕೆಂದರೆ ಲೋಹವನ್ನು ಅಲ್ಲಿ ಬೇಕೆಂದೇ ಹಾಕಿರುತ್ತಾರೆ. ಅಮೆರಿಕದ ಬಾಸ್ಟನ್ ಸುತ್ತಲ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿದ್ದು 2004ರಲ್ಲಿ ದೊಡ್ಡ ಸುದ್ದಿಯಾಗಿತ್ತು. ರಸೌಷಧ ಬಲ್ಲವರಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಹೆಚ್ಚೇನೂ ಇರಲಿಲ್ಲ.

ನಿಜವಾಗಿ ಹೆದರಿಸುವುದು ಬೇರೆಯದೇ. ಸೀಸ ಮೈಯಲ್ಲಿ ತುಂಬಿದರೆ ಮೊದಲು ಹೊಟ್ಟೆ ಹಿಡಿದುಕೊಳ್ಳುತ್ತದೆ, ಮಲಬದ್ಧತೆ, ರಕ್ತಹೀನತೆ, ಸುಸ್ತು. ಆಮೇಲೆ ಕೈಕಾಲು ಜೋಮು, ಮಣಿಕಟ್ಟು ಎತ್ತಲಾಗದ ಬಲಹೀನತೆ, ಮೈಕೈ ಗಂಟು ನೋವು. ಮೂತ್ರಪಿಂಡ ಯೂರಿಕ್ ಆಮ್ಲವನ್ನು ಹೊರಹಾಕುವುದು ಕುಂಠಿತವಾಗಿ ಗೌಟ್ ಕೂಡ ಬರಬಹುದು. ಯಾವ ನರನೋವು, ಕೀಲುನೋವಿಗೆ ಮಾತ್ರೆ ಶುರುಮಾಡಿದ್ದರೋ ಅದೇ ಲಕ್ಷಣಗಳು. 'ವಾತ ಇನ್ನೂ ಇಳಿದಿಲ್ಲ' ಅಂತ ಮಾತ್ರೆ ಮುಂದುವರಿಯುತ್ತದೆ, ಕೆಲವೊಮ್ಮೆ ಪ್ರಮಾಣವೂ ಏರುತ್ತದೆ. ತಾವಾಗಿ ಕೊಂಡು ವರ್ಷಗಟ್ಟಲೆ ನುಂಗುವವರು ಸಿಕ್ಕಿಬೀಳುವುದು ಈ ಸುಳಿಯಲ್ಲೇ.

ಹಾಗಾದರೆ ಯಾರು ಏನು ತೆಗೆದುಕೊಳ್ಳಬೇಕು? ವಯಸ್ಸಿಗೆ ಸವೆದ ಮಂಡಿಗೆ, ಹತ್ತಿದಿಳಿದರೆ ನೋಯುವ ಸಂಧಿವಾತಕ್ಕೆ ಮೂಲಿಕೆಯ ಸಾದಾ ಯೋಗರಾಜ ಸಾಕು. ಬೆಳಗಿನ ಬಿಗಿತ, ಗಂಟುಗಳ ಊತ, ನಾಲಿಗೆ ಮೇಲೆ ಬಿಳಿ ಲೇಪ, ಊಟ ಸೇರದಿರುವುದು ಇವೆಲ್ಲ ಇದ್ದರೆ ಅದು ಆಮವಾತದ ದಾರಿ. ಅಲ್ಲಿಯೂ ಸಾದಾ ಯೋಗರಾಜವೇ. ಆದರೆ ಊತವಿರುವಷ್ಟು ದಿನ ಎಣ್ಣೆ ತಿಕ್ಕಬಾರದು. ಬಾಣಲೆಯಲ್ಲಿ ಹುರಿದ ಮರಳನ್ನು ಬಟ್ಟೆಯಲ್ಲಿ ಕಟ್ಟಿ ಒಣಶಾಖ ಕೊಡಬೇಕು. ಬಹಳ ಮನೆಗಳಲ್ಲಿ ಮೊದಲ ದಿನವೇ ಬಿಸಿಎಣ್ಣೆ ಹಚ್ಚಿ ಊತ ಹೆಚ್ಚಿಸಿಕೊಳ್ಳುತ್ತಾರೆ. ಸೊಂಟದಿಂದ ಕಾಲಿಗಿಳಿಯುವ ನರದ ಸೆಳೆತಕ್ಕೆ (ಗೃಧ್ರಸಿಗೆ) ತ್ರಯೋದಶಾಂಗ ಗುಗ್ಗುಲು, ಉರಿ-ಕೆಂಪು ಇರುವ ವಾತರಕ್ತಕ್ಕೆ ಕೈಶೋರ ಗುಗ್ಗುಲು ಹೆಚ್ಚು ಹೊಂದುತ್ತವೆ. ಇವೆರಡರಲ್ಲೂ ಲೋಹಭಸ್ಮ ಇಲ್ಲ. ಇಷ್ಟೆಲ್ಲ ದಾಟಿದ ಮೇಲೂ 'ಮಹಾ' ಬೇಕು ಎನ್ನುವುದು ರೋಗಿ ನೋಡಿದ ವೈದ್ಯರ ತೀರ್ಮಾನವಾಗಬೇಕು, ವಾರಗಳ ಲೆಕ್ಕದಲ್ಲಿರಬೇಕು. ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮುಟ್ಟಲೇಬಾರದು ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ.

ಮಾತ್ರೆಯಷ್ಟೇ ಕೆಲಸ ಅನುಪಾನದ್ದು, ಅಂದರೆ ಮಾತ್ರೆಯ ಜೊತೆ ಕುಡಿಯುವ ದ್ರವದ್ದು. ಶಾರ್ಙ್ಗಧರರು ವಾತಕ್ಕೆ ರಾಸ್ನಾದಿ ಕಷಾಯದ ಜೊತೆ ಕೊಡಿ ಅನ್ನುತ್ತಾರೆ, ವಾತರಕ್ತಕ್ಕೆ ಅಮೃತಬಳ್ಳಿಯ ಜೊತೆ. ಮನೆಯಲ್ಲಿ ಸುಲಭವಾದದ್ದು ರಾಸ್ನಾಸಪ್ತಕ: ರಾಸ್ನೆ, ಅಮೃತಬಳ್ಳಿ, ಕಕ್ಕೆ, ದೇವದಾರು, ನೆಗ್ಗಿಲು, ಔಡಲ ಬೇರು, ಪುನರ್ನವ ಸಮಭಾಗ. ರಾಸ್ನೆ ಎಂದು ಕೇಳಿದರೆ ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಕೊಡುವುದು ದುಂಪರಾಸ್ಮೆಯ ಗಡ್ಡೆ, ಉತ್ತರದವರು ಬಳಸುವ ಗಿಡವೇ ಬೇರೆ. ದಕ್ಷಿಣದಲ್ಲಿ ದುಂಪರಾಸ್ಮೆಯದೇ ರೂಢಿ, ಅದನ್ನೇ ಹಾಕಿ. ತರಿಯಾಗಿ ಕುಟ್ಟಿದ ಪುಡಿ 12 ಗ್ರಾಂ, ನೀರು 200 ಮಿ.ಲೀ., ಮುಚ್ಚಳ ತೆಗೆದಿಟ್ಟು ಸಣ್ಣ ಉರಿಯಲ್ಲಿ 50 ಮಿ.ಲೀ.ಗೆ ಇಳಿಸಿ, ಸೋಸಿ, ಚಿಟಿಕೆ ಶುಂಠಿಪುಡಿ ಉದುರಿಸಿ ಬಿಸಿಯಾಗಿರುವಾಗಲೇ ಕುಡಿಯಬೇಕು. ಬೆಳಗಿನದನ್ನು ರಾತ್ರಿಗೆ ಇಡುವಂತಿಲ್ಲ. ಹುಳಿಯುತ್ತದೆ.

ಗುಗ್ಗುಲಿಗೂ ತನ್ನದೇ ಜಗಳಗಳಿವೆ. ಕೆಲವರಿಗೆ ಮೈತುಂಬ ದದ್ದು ಬರುತ್ತದೆ, ಬಂದರೆ ಅಲ್ಲಿಗೇ ನಿಲ್ಲಿಸಬೇಕು. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್, ಡಿಲ್ಟಿಯಜೆಮ್ ಮಾತ್ರೆಗಳು ರಕ್ತಕ್ಕೆ ಸೇರುವುದನ್ನು ಗುಗ್ಗುಲು ತಗ್ಗಿಸುತ್ತದೆ. ರಕ್ತ ತೆಳುವಾಗಿಸುವ ಔಷಧ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರಿಗೆ ತಿಳಿಸಿಯೇ ಶುರುಮಾಡಬೇಕು. ಪರಿಣಾಮ ಕಾಣಲು ವಾರಗಳು ಬೇಕು. ಚೀಟಿ ಇಲ್ಲದ ಪೊಟ್ಟಣದ ಪುಡಿ ನುಂಗಿದ ಮರುದಿನವೇ ನೋವು ಮಾಯವಾದರೆ ಖುಷಿಪಡಬೇಡಿ. ಅದರಲ್ಲಿ ಸ್ಟೀರಾಯ್ಡೋ ನೋವಿನ ಮಾತ್ರೆಯೋ ಬೆರೆತಿರುವ ಸಾಧ್ಯತೆಯೇ ಹೆಚ್ಚು.

ಡಬ್ಬಿಯ ಮೇಲೆ ನಾಗಭಸ್ಮ, ರಸಸಿಂದೂರ ಎಂಬ ಹೆಸರುಗಳಿವೆಯೇ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆಯ ಸಾಲಿದೆಯೇ ನೋಡಿ. ಪಾದರಸ ಸೇರಿದ ಔಷಧಕ್ಕೆ ಆ ಸಾಲು ಕಾನೂನಿನಲ್ಲೇ ಕಡ್ಡಾಯ. ಕೆಲವು ಕಂಪನಿಗಳು ಸೀಸ ಬಿಟ್ಟು ತಯಾರಿಸುತ್ತವೆ, ಅದೂ ಪಟ್ಟಿಯಲ್ಲೇ ಗೊತ್ತಾಗುತ್ತದೆ. ಈಗಾಗಲೇ ತಿಂಗಳುಗಟ್ಟಲೆ 'ಮಹಾ' ನುಂಗಿದವರು ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅದನ್ನು ಪೂರ್ಣ ರಕ್ತದಲ್ಲಿ ಮಾಡಬೇಕು, ಸೀರಮ್‌ನಲ್ಲಿ (ರಕ್ತಕಣ ತೆಗೆದ ತಿಳಿಯಲ್ಲಿ) ಅಲ್ಲ. ಸೀಸ ಕೂರುವುದು ಕೆಂಪು ರಕ್ತಕಣಗಳಲ್ಲಿ, ಸೀರಮ್ ನೋಡಿದರೆ ಎಲ್ಲ ಸರಿಯಿದೆ ಅನ್ನಿಸಿಬಿಡುತ್ತದೆ. ಲ್ಯಾಬಿಗೆ ಹೋಗುವಾಗ ಡಬ್ಬಿಯನ್ನು ಎಸೆಯದೆ ಇಟ್ಟುಕೊಂಡಿರಿ. ಅಂಕಿ ಜಾಸ್ತಿ ಬಂದರೆ ಡಾಕ್ಟರು ಮೊದಲು ಕೇಳುವುದು ಅದನ್ನೇ.